ಬೆಳ್ಳಿ ಲೇಪದ ಕೊಳಲೂ ಸಕ್ಕರೆ ಡಬ್ಬಿಯೂ

ಜೂನ್ 1, ಶನಿವಾರ

ಇವತ್ತು ಮಾಸ್ತರು ನನ್ನನ್ನು ನಿಲ್ಲಿಸಿದರು. ಇಡೀ ವಾದ್ಯಗೋಷ್ಠಿಯ ಎದುರಿಗೆ, ನಾನೊಬ್ಬನೇ ನುಡಿಸುವ ಭಾಗದ ಕೊನೆಯ ಸ್ವರದಲ್ಲಿ, ಕೈಯಲ್ಲಿದ್ದ ಕೋಲಿನಿಂದ ಸ್ಟ್ಯಾಂಡಿಗೆ ಟಕಟಕ ಬಡಿದು ನಿಲ್ಲಿಸಿದರು.

"ಮೇಲಿನ ಸ್ವರ ಇಳೀತಾ ಇದೆ ಸಾರ್. ಹೋದ ವಾರಾನೂ ಇಳೀತು."

ಇಳಿಯುವುದು, ಜಿನುಗುವುದು, ತೊಟ್ಟಿಕ್ಕುವುದು ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ನೀರು ಸರಬರಾಜು ಕಚೇರಿಯಲ್ಲಿ ಸೋರಿಕೆ ತಡೆ ವಿಭಾಗದ ಮೇಲ್ವಿಚಾರಕ. ಗ್ರಂಥಾಲಯದ ಮಹಡಿಯಲ್ಲಿ ಶನಿವಾರ ಸಂಜೆ ಸೇರುವ ಈ ಹವ್ಯಾಸಿ ಗೋಷ್ಠಿಯಲ್ಲಿ ಹದಿನಾಲ್ಕು ವರ್ಷದಿಂದ ನಾನೊಬ್ಬನೇ ಕೊಳಲು. ಮಾಸ್ತರು ತುತ್ತೂರಿಯವರು, ಕೊಳಲಿನ ವಿಷಯ ಅವರಿಗೆ ಅಷ್ಟಕ್ಕಷ್ಟೇ. ಆದರೂ ಕಿವಿ ಇದೆ, ಏನು ಮಾಡುವುದು!

ಮುಂದಿನ ತಿಂಗಳ ಕೊನೆಗೆ ಗ್ರಂಥಾಲಯದ ಹೊಸ ಸಭಾಂಗಣದಲ್ಲಿ ನಮ್ಮ ಕಾರ್ಯಕ್ರಮ. ಅಷ್ಟರೊಳಗೆ ಆ ಸ್ವರ ತನ್ನ ಜಾಗದಲ್ಲಿ ನಿಲ್ಲದಿದ್ದರೆ ಏಕವಾದನವನ್ನು ಕ್ಲಾರಿನೆಟ್ಟಿಗೆ ಕೊಡಬೇಕಾಗುತ್ತದೆ ಎಂದರು. ಕ್ಲಾರಿನೆಟ್ ನುಡಿಸುವುದು ಹಲ್ಲಿನ ಡಾಕ್ಟರು. ಆತ ಕೂಡಲೇ ತಲೆ ತಗ್ಗಿಸಿ ವಿನಯ ತೋರಿಸಿದ. ತೋರಿಸಿದ ರೀತಿಯಲ್ಲೇ ಗೊತ್ತಾಯಿತು, ಮನೆಯಲ್ಲಿ ಅಭ್ಯಾಸ ಶುರು ಮಾಡಿಯಾಗಿದೆ ಎಂದು.

ದಾರಿಯುದ್ದಕ್ಕೂ ಯೋಚಿಸಿದೆ. ತಪ್ಪು ನನ್ನದಂತೂ ಅಲ್ಲ. ಉಸಿರು ಅದೇ, ತುಟಿ ಅದೇ, ಬೆರಳು ಅದೇ. ಉಳಿದದ್ದು ಕೊಳಲು. ಬಿದಿರಿನದಲ್ಲ, ತೂತುಗಳನ್ನು ಕೀಗಳಿಂದ ಮುಚ್ಚುವ ಪಾಶ್ಚಾತ್ಯ ಕೊಳಲು, ಕಲಿಯುವವರಿಗೆಂದೇ ಮಾಡಿದ ನಿಕ್ಕಲ್ ಮೈಯ ಅಗ್ಗದ್ದು. ಮೊದಮೊದಲು ಚೆನ್ನಾಗಿಯೇ ನುಡಿಯುತ್ತಿತ್ತು, ಬರಬರುತ್ತ ಮೇಲಿನ ಸ್ವರಗಳು ಸೋತವು. ಆರೈಕೆಯಲ್ಲಿ ನಾನು ಒಂದು ದಿನವೂ ಕಡಿಮೆ ಮಾಡಿಲ್ಲ. ನುಡಿಸಿದ ಮೇಲೆ ಒಳಗಿನ ತೇವ ಒರೆಸುತ್ತೇನೆ, ಕೀಗಳನ್ನು ಒತ್ತಿ ನೋಡುತ್ತೇನೆ, ತಲೆಭಾಗದ ತುದಿಯಲ್ಲಿರುವ ಪುಟ್ಟ ಟೊಪ್ಪಿಗೆಯನ್ನು ತಿರುಗಿಸಿ ಗಟ್ಟಿಯಾಗಿ ಬಿಗಿ ಮಾಡಿಡುತ್ತೇನೆ. 'ಇಂದು ಸಡಿಲ, ನಾಳೆ ಸೋರಿಕೆ' ಎಂದು ಕಚೇರಿಯಲ್ಲಿ ನನ್ನ ಕುರ್ಚಿಯ ಹಿಂದೆ ನಾನೇ ಬರೆಸಿ ಹಾಕಿದ ಫಲಕವಿದೆ. ಮನೆಯಲ್ಲೂ ನನ್ನದು ಅದೇ ಧರ್ಮ. ಇಷ್ಟು ಮಾಡಿಯೂ ಕೊಳಲು ಕೈಕೊಟ್ಟರೆ ಅದು ಅದರ ಹುಟ್ಟುಗುಣ. ಬೆಳ್ಳಿ ಲೇಪದ ಒಳ್ಳೆಯ ಕೊಳಲೊಂದನ್ನು ಕೊಳ್ಳುವುದೆಂದು ತೀರ್ಮಾನಿಸಿದೆ.

ಜೂನ್ 3, ಸೋಮವಾರ

ಮನೆಯವಳಿಗೆ ವಿಷಯ ತಿಳಿಸಿದೆ. ಅಭಿಪ್ರಾಯ ಕೇಳಿರಲಿಲ್ಲ, ಆದರೂ ಕೊಟ್ಟಳು.

"ಕೊಳಲಿಂದೇ ತಪ್ಪು ಅಂತ ಹೇಗೆ ಗೊತ್ತಾಯ್ತು?"

"ಮತ್ತೆ ಯಾರದ್ದು?"

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಸಕ್ಕರೆ ಡಬ್ಬಿಯೊಂದಿಗೆ ಗುದ್ದಾಡುತ್ತ ಹೇಳಿದಳು. ನಾನು ಮುಚ್ಚಿದ ಡಬ್ಬಿ ಅವಳ ಕೈಗೆ ಬಗ್ಗುವುದಿಲ್ಲ. ಕೊನೆಗೆ ಪಕ್ಕದ ಮನೆಗೆ ಒಯ್ದು ತೆಗೆಸಿಕೊಂಡು ಬಂದಳು. ಇದಕ್ಕೆ ಮುಖ ಊದಿಸಿಕೊಳ್ಳುವುದೇಕೆ? ನಮ್ಮ ಸಕ್ಕರೆಗೆ ಇವತ್ತಿನವರೆಗೆ ಒಂದು ಇರುವೆ ಹತ್ತಿಲ್ಲ.

"ಹಳೇ ಕೊಳಲು ಏನ್ಮಾಡ್ತೀರಿ?"

"ನೀನೇ ಇಟ್ಕೋ."

ಬಿಸಾಡುವ ಬದಲು ಎಂದು ಹೇಳಿದ್ದು. ಅವಳು ಡಬ್ಬಿ ಕೆಳಗಿಟ್ಟು, "ನಂಗಾ? ನಿಜವಾಗ್ಲೂ?" ಎಂದಳು. ಶಾಲೆಯಲ್ಲಿದ್ದಾಗ ಕೆಲವು ವರ್ಷ ಕಲಿತಿದ್ದಳಂತೆ. ನನಗೆ ಇದು ಹೊಸ ಸುದ್ದಿ. ಮೊದಲೇ ಹೇಳಬಾರದಿತ್ತೇ ಎಂದರೆ, "ಹೇಳಿದ್ದೆ. ಆಗ ನೀವು ನಲ್ಲಿ ಬಿಗಿ ಮಾಡ್ತಿದ್ರಿ" ಎಂದಳು. ಇರಬಹುದು.

ಜೂನ್ 8, ಶನಿವಾರ

ವಾದ್ಯದಂಗಡಿಗೆ ಹೋಗಿದ್ದೆ. ಅಲ್ಲಿಯವನಿಗೆ ಜೇನುಬಾಯಿ ಎಂದು ಹೆಸರಿಟ್ಟಿದ್ದೇನೆ. ಅವನು ಕೇಳಿದ ಪ್ರಶ್ನೆಗಳನ್ನು ನನಗೆ ಕೆಲಸ ಕೊಟ್ಟವರೂ ಕೇಳಿರಲಿಲ್ಲ. ಕೀಗಳು ಮುಚ್ಚಿರಬೇಕೋ, ನಡುವೆ ತೂತಿರಬೇಕೋ? ಉಂಗುರ ಬೆರಳಿನ ಕೀ ಸಾಲಿನಲ್ಲೇ ಇರಬೇಕೋ, ಸ್ವಲ್ಪ ಹೊರಗೆ ಚಾಚಿರಬೇಕೋ? ಕೆಳತುದಿ ಗಿಡ್ಡದೋ ಉದ್ದದೋ? ಇಡೀ ಮೈಗೆ ಲೇಪ ಸಾಕೋ, ಅಥವಾ ತಲೆಭಾಗ ಮಾತ್ರ ಅಪ್ಪಟ ಬೆಳ್ಳಿಯೋ?

ಗೋಷ್ಠಿಯವರ ಸಲಹೆಗಳು ಬೇರೆ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದವು. ತೂತಿಲ್ಲದ ಕೀಯ ಕೊಳಲನ್ನು ಗಂಭೀರ ಕಲಾವಿದರು ಮುಟ್ಟುವುದಿಲ್ಲ ಎಂದು ಹಲ್ಲಿನ ಡಾಕ್ಟರು. ಹಲ್ಲಿನ ತೂತು ಮುಚ್ಚಿ ಬದುಕುವವನಿಗೆ ಕೊಳಲಿನ ತೂತಿನ ಮೇಲೆ ಇಷ್ಟು ಪ್ರೀತಿ. ಪೆಟ್ಟಿಗೆ ಗಟ್ಟಿಯಾಗಿದ್ದರೆ ಸಾಕು ಎಂದು ಡೋಲಿನವರು. ಊದಿದರೆ ಸ್ವರ ಬರುವಂಥದ್ದು ತನ್ನಿ ಎಂದು ಮಾಸ್ತರು.

"ಬೆಳ್ಳಿ ಲೇಪ ಅಂದ್ರೆ ಬರೀ ಹೊಳಪಲ್ಲ ಸಾರ್. ಸ್ವರಕ್ಕೇ ಒಂಥರಾ ತೂಕ ಬರುತ್ತೆ."

"ಲೇಪ ಎಷ್ಟು ದಪ್ಪ ಇದೆ?"

"ಬೇಕಾದಷ್ಟಿದೆ ಸಾರ್!"

ಜೇನುಬಾಯಿಯ ಮಾತಿಗೆ ಮರುಳಾಗುವ ಆಸಾಮಿ ನಾನಲ್ಲ. ತೆಳ್ಳನೆಯ ಕಾಗದದ ಚೂರು ಒಯ್ದಿದ್ದೆ. ಪ್ರತಿಯೊಂದು ಕೀಯ ಕೆಳಗೂ ಅದನ್ನಿಟ್ಟು, ಮುಚ್ಚಿ, ಮೆಲ್ಲನೆ ಎಳೆದು, ಕೆಳಗಿನ ಮೆತ್ತೆ ಸರಿಯಾಗಿ ಕೂರುತ್ತದೆಯೇ, ಗಾಳಿ ಸೋರುತ್ತದೆಯೇ ಎಂದು ಪರೀಕ್ಷಿಸಿದೆ. ಅಂಗಡಿಗೆ ಬಂದಿದ್ದ ಇಬ್ಬರು ಗಿರಾಕಿಗಳು ತಮ್ಮ ಗಿಟಾರು ಬಿಟ್ಟು ನನ್ನನ್ನೇ ನೋಡಿದರು. ಕೊನೆಗೆ ಮುಚ್ಚಿದ ಕೀಗಳ, ಮೈತುಂಬ ಲೇಪದ ಒಂದನ್ನು ಆರಿಸಿದೆ. ಒಂದು ವಾರ ಮನೆಯಲ್ಲಿಟ್ಟುಕೊಂಡು ನೋಡಿ, ಹಿಡಿಸದಿದ್ದರೆ ತನ್ನಿ ಎಂದ.

ಸಂಜೆ ಗೋಷ್ಠಿಯಲ್ಲಿ ಊದಿದೆ. ಮೇಲಿನ ಸ್ವರ ಹೋಗಿ ತನ್ನ ಜಾಗದಲ್ಲಿ ಕೂತಿತು. ಮಾಸ್ತರು ತಲೆದೂಗಿದರು. ಹಲ್ಲಿನ ಡಾಕ್ಟರ ಮುಖ ನೋಡಬೇಕಿತ್ತು, ಅವನ ಹಲ್ಲಿಗೇ ನೋವು ಬಂದ ಹಾಗೆ.

ಮನೆಗೆ ಬಂದಾಗ ಮನೆಯವಳು ಹಳೆಯ ಕೊಳಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಒರೆಸುವ ಕಡ್ಡಿಯನ್ನು ತಲೆಭಾಗದೊಳಗೆ ತೂರಿಸಿ, ಊದುವ ತೂತಿನಿಂದ ಒಳಗೆ ಇಣುಕಿ, ಏನೋ ಸಡಿಲಿಸಿ, ಏನೋ ಒತ್ತುತ್ತಿದ್ದಳು. ಆಟಿಕೆ ಸಿಕ್ಕ ಮಗುವಿನ ಉತ್ಸಾಹ. ಆಡಿಕೊಳ್ಳಲಿ ಎಂದು ಬಿಟ್ಟೆ.

ಜೂನ್ 10, ಸೋಮವಾರ

ದಿವ್ಯವಾಗಿದೆ. ಟೊಪ್ಪಿಗೆಯೊಂದು ಸ್ವಲ್ಪ ಸಡಿಲ. ಕಾರ್ಖಾನೆಯವರ ಅಸಡ್ಡೆ. ಬಿಗಿ ಮಾಡಿದೆ.

ಜೂನ್ 13, ಗುರುವಾರ

ಮೇಲಿನ ಸ್ವರ ಕೂದಲೆಳೆಯಷ್ಟು ಇಳಿದ ಹಾಗಿದೆ. ಊಟ ಜಾಸ್ತಿಯಾಗಿರಬೇಕು. ಒರೆಸಿ, ಟೊಪ್ಪಿಗೆ ಬಿಗಿ ಮಾಡಿ ಮಲಗಿಸಿದೆ. ಇವತ್ತೂ ಅರ್ಧ ಸುತ್ತು ತಿರುಗಿತು. ಯಾರಿಗೆ ಬೇಕಾಗಿದೆ ಕೆಲಸದಲ್ಲಿ ನಿಷ್ಠೆ?

ಜೂನ್ 15, ಶನಿವಾರ

ಕೊಳಲು ವಾಪಸು ಕೊಟ್ಟೆ. ಮೊದಲ ದಿನ ಹಾಡಿದ್ದು ಏಳನೆಯ ದಿನಕ್ಕೆ ನರಳಿದರೆ ಅದನ್ನು ಕೊಳಲು ಎನ್ನುವುದಿಲ್ಲ, ಮೋಸ ಎನ್ನುತ್ತಾರೆ ಎಂದು ಜೇನುಬಾಯಿಗೆ ಮುಖದ ಮೇಲೆ ಹೇಳಿದೆ. ಅವನು ಊದಿ ನೋಡಿದ. ಗಿಟಾರು ಮಾರುವವನು, ಅವನ ಊದುವಿಕೆ ಒಲೆ ಊದಿದ ಹಾಗಿತ್ತು. "ನಿಮ್ಮಂಥ ಸೂಕ್ಷ್ಮ ಕಿವಿಯವರಿಗೆ ಇದು ಸಾಲಲ್ಲ ಸಾರ್" ಎಂದು ತೂತಿನ ಕೀಗಳ ಇನ್ನೊಂದನ್ನು ತೆಗೆದ. ಈ ಮಾತಿನಲ್ಲಿ ಮಾತ್ರ ಸತ್ಯಾಂಶವಿತ್ತು.

ಎರಡನೆಯದು ಅಂಗಡಿಯಲ್ಲಿ ಮೊದಲಿನದಕ್ಕಿಂತ ಚೆನ್ನಾಗಿ ನುಡಿಯಿತು. ಮನೆಗೆ ತಂದೆ.

ಅಡುಗೆಮನೆಯಿಂದ ಹಳೆಯ ಕೊಳಲಿನ ಸದ್ದು ಕೇಳುತ್ತಿದೆ. ಶಾಲೆಯಲ್ಲಿ ಕಲಿತ ಯಾವುದೋ ಪುಟ್ಟ ರಾಗ. ಅವಳಿಗೂ ಅದಕ್ಕೂ ಹೊಂದಿಕೊಂಡಿದೆ. ಎರಡೂ ಕಲಿಯುವ ಮಟ್ಟದವು.

ಜೂನ್ 20, ಗುರುವಾರ

ಎರಡನೆಯದಕ್ಕೂ ಅದೇ ರೋಗ! ಸೋಮವಾರ ಸಣ್ಣಗೆ, ಇವತ್ತು ಜೋರಾಗಿ. ಪ್ರತಿದಿನ ಬಿಗಿ ಮಾಡುತ್ತಿದ್ದೇನೆ, ಮೆತ್ತೆಗಳನ್ನು ಕಾಗದವಿಟ್ಟು ನೋಡುತ್ತಿದ್ದೇನೆ, ಎಲ್ಲೂ ಸೋರಿಕೆಯಿಲ್ಲ. ಹಾಗಾದರೆ ಸ್ವರ ಹೋಗುವುದೆಲ್ಲಿಗೆ?

ಮನೆಯವಳು ಬಾಗಿಲಲ್ಲಿ ನಿಂತು, "ರೀ, ಆ ಟೊಪ್ಪಿಗೆ..." ಎಂದು ಶುರು ಮಾಡಿದಳು. ನಾನು ಕೈ ಎತ್ತಿ ತಡೆದೆ. ಆಲೋಚನೆಯ ನಡುವೆ ಯಾರಾದರೂ ಬಾಯಿ ಹಾಕಿದರೆ ನನಗೆ ಆಗುವುದಿಲ್ಲ.

"ನಾನು ಹೇಳೋದಾದ್ರೂ ಕೇಳಿ."

"ಹದಿನಾಲ್ಕು ವರ್ಷದಿಂದ ಊದ್ತಾ ಇರೋದು ನಾನು."

"ಹೌದು," ಎಂದಳು, "ಅದನ್ನೇ ನೋಡ್ತಿದೀನಿ." ಒಳಗೆ ಹೋದಳು.

ಜೂನ್ 22, ಶನಿವಾರ

ಜೇನುಬಾಯಿಯ ಬಾಯಲ್ಲಿ ಇವತ್ತು ಜೇನು ಕಡಿಮೆಯಿತ್ತು. "ಎಲ್ಲ ಕೊಳಲೂ ನಿಮ್ಮ ಮನೆಗೆ ಹೋದ್ಮೇಲೇ ಯಾಕೆ ಸಾರ್ ಹೀಗಾಗುತ್ತೆ?" ಎಂದ. ಅದು ತಯಾರಕರನ್ನು ಕೇಳಬೇಕಾದ ಪ್ರಶ್ನೆ ಎಂದೆ. ಇನ್ನು ಮುಂದೆ ಒಯ್ದು ನೋಡುವುದು ಇಲ್ಲ, ತೆಗೆದುಕೊಂಡರೆ ತೆಗೆದುಕೊಂಡ ಹಾಗೆ ಎಂದುಬಿಟ್ಟ.

ತೆಗೆದುಕೊಂಡೆ. ಅಪ್ಪಟ ಬೆಳ್ಳಿಯ ತಲೆಭಾಗ, ದಪ್ಪ ಲೇಪದ ಮೈ, ಒಳಗೆ ಮಖಮಲ್ಲಿನ ಪೆಟ್ಟಿಗೆ. ಬೆಲೆಯನ್ನು ಇಲ್ಲಿ ಬರೆಯುವುದಿಲ್ಲ. ಮನೆಯವಳಿಗೂ ಹೇಳಿಲ್ಲ. ಅವಳು ಕೊಳಲನ್ನು ಬೆಳಕಿಗೆ ಹಿಡಿದು ನೋಡಿ, "ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲ" ಎಂದಳು. ಆಮೇಲೆ ಬೆರಳಿನಿಂದ ಅದರ ಮೈ ಒಮ್ಮೆ ಸವರಿ, ಬೇಗ ಬೇಗ ಸೆರಗಿನಲ್ಲಿ ಗುರುತು ಒರೆಸಿ ವಾಪಸು ಕೊಟ್ಟಳು.

ಜೂನ್ 26, ಬುಧವಾರ

ಬಸ್ ನಿಲ್ದಾಣದ ಹತ್ತಿರ ದೊಡ್ಡ ಪೈಪು ಒಡೆದು ರಸ್ತೆಯೆಲ್ಲ ಕೆರೆ. ಜೋಡಣೆಯನ್ನು ಅತಿಯಾಗಿ ಬಿಗಿದದ್ದರಿಂದ ಬಿರುಕು ಬಿಟ್ಟಿದೆ ಎಂದು ಕಿರಿಯ ಇಂಜಿನಿಯರಮ್ಮ ವರದಿ ಕೊಟ್ಟಿದ್ದಾಳೆ. ಓದಿದವರೆಲ್ಲ ಹೀಗೆಯೇ. ಪೈಪಿನ ಗುಣಮಟ್ಟ ಸರಿಯಿಲ್ಲ ಎಂದು ತಿದ್ದಿ ಮೇಲೆ ಕಳಿಸಿದೆ.

ಬೆಳ್ಳಿಯ ಕೊಳಲೂ ಇಳಿಯುತ್ತಿದೆ.

ಜೂನ್ 29, ಶನಿವಾರ

ಕಾರಣ ಸಿಕ್ಕಿತು ಎಂದುಕೊಂಡಿದ್ದೆ. ಗ್ರಂಥಾಲಯದ ಮಹಡಿಗೆ ಎರಡೂ ಕಡೆ ಕಿಟಕಿ, ಅಡ್ಡಗಾಳಿ. ಆ ಗಾಳಿಗೆ ಯಾವ ಕೊಳಲೂ ನಿಲ್ಲುವುದಿಲ್ಲ. ಇದನ್ನು ರುಜುವಾತು ಮಾಡಲು ಮನೆಯವಳನ್ನೂ ಹಳೆಯ ಕೊಳಲನ್ನೂ ಕರೆದುಕೊಂಡು ಹೋದೆ. ಇಬ್ಬರ ಸ್ವರವೂ ಇಳಿದರೆ ಗಾಳಿಯ ತಪ್ಪು ಎಂದು ಎಲ್ಲರಿಗೂ ತಿಳಿಯುತ್ತದಲ್ಲ?

ಮೊದಲು ನಾನು ಊದಿದೆ. ಇಳಿಯಿತು. "ನೋಡಿದಿರಾ!" ಎಂದೆ. ಆಮೇಲೆ ಅವಳಿಗೆ ಎದ್ದು ನಿಲ್ಲಲು ಹೇಳಿದೆ. ಏಕವಾದನದ ಭಾಗ ಅವಳಿಗೆ ಬಾಯಿಪಾಠ. ತಿಂಗಳಿಂದ ನನ್ನ ಕೋಣೆಯ ಬಾಗಿಲಾಚೆ ಕೇಳಿಸಿಕೊಂಡಿದ್ದಾಳಲ್ಲ. ಕಣ್ಣು ಮುಚ್ಚಿ ಶುರು ಮಾಡಿದಳು.

ಇಳಿಯಲಿಲ್ಲ. ಎರಡೂ ಕಿಟಕಿ ತೆರೆದಿದ್ದವು, ಮಾಸ್ತರ ಹಾಳೆಗಳು ಹಾರುತ್ತಿದ್ದವು, ಆದರೂ ಇಳಿಯಲಿಲ್ಲ. ಡೋಲಿನವರು ಕುರ್ಚಿ ಕಿರುಗುಟ್ಟದ ಹಾಗೆ ಉಸಿರು ಹಿಡಿದು ಕೂತಿದ್ದರು.

"ಅಮ್ಮಾ, ಇಷ್ಟು ದಿನ ಎಲ್ಲಿದ್ರಿ ನೀವು?" ಎಂದರು ಮಾಸ್ತರು.

"ಮನೇಲಿ," ಎಂದಳು.

ಜುಲೈ 13ರಂದು ನಮ್ಮಿಬ್ಬರನ್ನೂ ಕೇಳಿ, ಏಕವಾದನ ಯಾರಿಗೆಂದು ತೀರ್ಮಾನಿಸುತ್ತಾರಂತೆ. ಹಲ್ಲಿನ ಡಾಕ್ಟರು ನನ್ನ ಭುಜ ತಟ್ಟಿ, "ಮನೇಲೇ ಉಳಿಯುತ್ತೆ ಬಿಡಿ ಸಾರ್" ಎಂದ. ಸಮಾಧಾನ ಹೇಳುವವನ ಧಾಟಿ ಅಲ್ಲ ಅದು.

ಜೂನ್ 30, ಭಾನುವಾರ

ಬರೆಯುವಂಥದ್ದೇನೂ ಇಲ್ಲ.

ಜುಲೈ 4, ಗುರುವಾರ

ಸಂಜೆ ಅಡುಗೆಮನೆಯ ನಲ್ಲಿ ರಿಪೇರಿ ಮಾಡಿದೆ. ಅವಳು ಊಟದ ಮೇಜಿನ ಹತ್ತಿರ ಅಭ್ಯಾಸ ಮಾಡುತ್ತಿದ್ದಳು. ಒಂದು ಕಡೆ ಉಸಿರು ಎಲ್ಲಿ ತೆಗೆದುಕೊಳ್ಳುತ್ತಾಳೆಂದು ಗೊತ್ತೇ ಆಗುವುದಿಲ್ಲ. ಎಷ್ಟು ಕಿವಿಗೊಟ್ಟರೂ ಸಿಗಲಿಲ್ಲ. ನಲ್ಲಿಯನ್ನು ಬಿಚ್ಚಿ, ಮತ್ತೆ ಜೋಡಿಸಿ, ಮತ್ತೆ ಬಿಚ್ಚಿದೆ.

"ಅದು ಸೋರ್ತಾ ಇತ್ತಾ?" ಎಂದು ಕೇಳಿದಳು.

ಸೋರುತ್ತಿರಲಿಲ್ಲ. ಮುನ್ನೆಚ್ಚರಿಕೆ ಎಂದೆ.

ಜುಲೈ 9, ಮಂಗಳವಾರ

ಈಗೀಗ ಪಾತ್ರೆ ನಾನೇ ತೊಳೆಯುತ್ತಿದ್ದೇನೆ. ಅಭ್ಯಾಸದ ಚಿಂತೆಯಲ್ಲಿ ಅವಳು ತೊಳೆದರೆ ಅಂಚಿನಲ್ಲಿ ಜಿಡ್ಡು ಉಳಿಯುತ್ತದೆ, ಅದಕ್ಕೆ. ಬಟ್ಟೆ ಮಡಿಸುವುದನ್ನೂ ಅದೇ ಕಾರಣಕ್ಕೆ ವಹಿಸಿಕೊಂಡಿದ್ದೇನೆ. ಪಕ್ಕದ ಮನೆಯವರು ಗೋಡೆಯಾಚೆಯಿಂದ, "ಸಾರ್, ನಿಮ್ಮ ಕೊಳಲು ಈಗ ಬಹಳ ಸುಧಾರಿಸಿದೆ" ಎಂದರು. ನಾನಲ್ಲ, ನನ್ನ ಹೆಂಡತಿ ಎಂದೆ. ಎರಡು ಸಲ ಹೇಳಬೇಕಾಯಿತು, ನಂಬಲಿಲ್ಲ.

ನನ್ನ ಬೆಳ್ಳಿಯ ಕೊಳಲು ಪೆಟ್ಟಿಗೆಯಲ್ಲಿದೆ. ದಿನಾ ತೆಗೆದು ಒರೆಸಿ ಬಿಗಿ ಮಾಡಿಡುತ್ತೇನೆ. ಊದುವುದು ಕಡಿಮೆ.

ಜುಲೈ 13, ಶನಿವಾರ, ಮಧ್ಯಾಹ್ನ

ಇನ್ನು ಸ್ವಲ್ಪ ಹೊತ್ತಿಗೆ ಹೊರಡಬೇಕು. ಅವಳು ತಲೆ ಬಾಚಿಕೊಳ್ಳುತ್ತಿದ್ದಾಳೆ, ಮೂರು ಸೀರೆ ಬದಲಾಯಿಸಿದ್ದಾಯಿತು.

ಏಕವಾದನ ಅವಳಿಗೇ ಸಿಗಲಿ ಎಂದು ಬೆಳಿಗ್ಗೆ ಹಲ್ಲುಜ್ಜುವಾಗ ಅನಿಸಿತು. ಹೀಗೇಕೆ ಅನಿಸಿತೋ, ಸೆಕೆಗೆ ಇರಬೇಕು. ಅನಿಸಿದ ಮೇಲೆ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಅವಳು ಸ್ನಾನಕ್ಕೆ ಹೋದಾಗ ಅವಳ ಕೊಳಲನ್ನು ತೆಗೆದೆ. ಪೆಟ್ಟಿಗೆಯ ಕೀಲಿಗೆ ಎಣ್ಣೆ ಬಿಟ್ಟೆ. ಕೀಗಳನ್ನು ಮೆತ್ತನೆಯ ಬಟ್ಟೆಯಲ್ಲಿ ಉಜ್ಜಿದೆ. ನೋಡಿದರೆ ಟೊಪ್ಪಿಗೆ ಎಷ್ಟು ಸಡಿಲ! ಇಷ್ಟು ದಿನ ಹೀಗೇ ನುಡಿಸಿದ್ದಾಳೆ, ಪಾಪ. ಕೈಯಲ್ಲಿ ತಿರುಗುವಷ್ಟು ತಿರುಗಿಸಿ, ಆಮೇಲೆ ಬಟ್ಟೆ ಸುತ್ತಿ ಇಕ್ಕಳದಲ್ಲಿ ಹಿಡಿದು ಇನ್ನೂ ಒಂದು ಸುತ್ತು ಬಿಗಿದೆ. ನನ್ನ ಕೊಳಲಿಗೂ ಇಷ್ಟು ಮುತುವರ್ಜಿ ವಹಿಸಿದವನಲ್ಲ ನಾನು.

ಅವಳಿಗೆ ಹೇಳುವುದಿಲ್ಲ. ಮಾಡಿದ ಉಪಕಾರ ಹೇಳಿಕೊಳ್ಳಬಾರದು.

ಜುಲೈ 14, ಭಾನುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮೊದಲು ನಾನು ಊದಿದೆ. ಇಳಿಯಿತು. ಇಳಿಯಲಿ ಎಂದುಕೊಂಡು ಕೂತೆ. ಅವಳು ಎದ್ದಳು. ಶುರುವಿನಲ್ಲೇ ಮುಖ ಸ್ವಲ್ಪ ಬಿಗಿಯಿತು. ತುಟಿ ಹೇಗೆ ಹೇಗೋ ತಿರುಗಿಸಿ ಸಂಭಾಳಿಸಿಕೊಂಡು ಹೋದಳು. ಮೇಲಿನ ಸ್ವರಕ್ಕೆ ಹೋದಾಗ ಅದು ಇಳಿದ ಇಳಿತ, ನನ್ನದೇ ವಾಸಿ ಎನ್ನುವ ಹಾಗಿತ್ತು. ನಡುವೆಯೇ ನಿಲ್ಲಿಸಿಬಿಟ್ಟಳು. ಕಣ್ಣಲ್ಲಿ ನೀರು. ಕೊಳಲನ್ನು ತಿರುಗಿಸಿ ನೋಡಿದಳು, ಆಮೇಲೆ ನನ್ನನ್ನು.

"ರೀ, ಇದನ್ನ ಮುಟ್ಟಿದ್ರಾ?"

"ಮುಟ್ಟೋದೇನು, ಒರೆಸಿ, ಟೊಪ್ಪಿಗೆ ಗಟ್ಟಿಯಾಗಿ ಬಿಗಿ ಮಾಡ್ದೆ. ನಿನ್ನ ಒಳ್ಳೇದಕ್ಕೇ."

ಹಲ್ಲಿನ ಡಾಕ್ಟರು, "ಅಬ್ಬಬ್ಬಾ! ಹೆಂಡತಿ ಮೇಲೂ ಇಷ್ಟು ಹೊಟ್ಟೆಕಿಚ್ಚಾ ಸಾರ್?" ಎಂದ.

ಆಗ ಅವಳೇ ವಿಷಯ ಬಿಡಿಸಿ ಹೇಳಿದಳು. ಅದು ಮುಚ್ಚಳವೇ ಅಲ್ಲವಂತೆ. ಒಳಗೊಂದು ಬಿರಡೆ ಇದೆ, ಟೊಪ್ಪಿಗೆ ತಿರುಪಿನಿಂದ ಅದಕ್ಕೆ ಸೇರಿಕೊಂಡಿದೆ. ಟೊಪ್ಪಿಗೆ ಬಿಗಿದಷ್ಟೂ ಬಿರಡೆ ಜಾಗ ಬಿಟ್ಟು ಹಿಂದಕ್ಕೆ ಸರಿಯುತ್ತದೆ, ಸರಿದಷ್ಟೂ ಮೇಲಿನ ಸ್ವರ ಇಳಿಯುತ್ತದೆ. ಒರೆಸುವ ಕಡ್ಡಿಯ ಮೇಲೆ ಒಂದು ಗೀಟಿದೆ. ಕಡ್ಡಿಯನ್ನು ಒಳಗೆ ತೂರಿಸಿದರೆ ಆ ಗೀಟು ಊದುವ ತೂತಿನ ಸರಿ ನಡುವೆ ಕಾಣಬೇಕು. ಶಾಲೆಯಲ್ಲಿ ಟೊಪ್ಪಿಗೆ ಮುಟ್ಟಿದವರಿಗೆ ಅವರ ಟೀಚರು ಬೆರಳ ಗಂಟಿಗೆ ಹೊಡೆಯುತ್ತಿದ್ದರಂತೆ. ಆ ಗೀಟನ್ನು ನಾನು ದಿನಾ ನೋಡಿದ್ದೇನೆ. ಅಲಂಕಾರ ಎಂದುಕೊಂಡಿದ್ದೆ.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಕಳ್ಳನನ್ನು ನೋಡುವ ಹಾಗೆ. ಬೇಕೆಂದು ಮಾಡಲಿಲ್ಲ ಎಂದೆ. ಯಾರು ನಂಬುತ್ತಾರೆ? ಒಂದೇ ಏಕವಾದನಕ್ಕಾಗಿ ಪೈಪೋಟಿ, ಇದೇ ದಿನ, ಅದೂ ಇಕ್ಕಳದಿಂದ. ನನ್ನ ಮಾನ ಉಳಿಯಲು ಒಂದೇ ದಾರಿಯಿತ್ತು, ನನ್ನ ದಡ್ಡತನವನ್ನು ಸಾಬೀತು ಮಾಡುವುದು.

"ನನ್ನದಕ್ಕೂ ದಿನಾ ಹಾಗೇ ಮಾಡ್ತೀನಿ!" ಎಂದು ಕೂಗಿದೆ. "ಬೇಕಾದ್ರೆ ನೋಡಿ!"

ಮಾಸ್ತರು ಬೆಳ್ಳಿಯ ಕೊಳಲಿನೊಳಗೆ ಕಡ್ಡಿ ತೂರಿಸಿದರು. ಗೀಟು ಕಾಣಲಿಲ್ಲ. ಇನ್ನಷ್ಟು ತೂರಿಸಿದರು. ಅದು ತೂತನ್ನು ದಾಟಿ ಎಲ್ಲಿಗೋ ಹೋಗಿತ್ತು.

"ಅಂಗಡಿಯಿಂದ ತಂದ ಮೂರಕ್ಕೂ ಹೀಗೇ ಮಾಡಿದ್ರಾ?"

"ಮೂರಕ್ಕೂ."

"ಹಳೇದಕ್ಕೆ?"

"ಹದಿನಾಲ್ಕು ವರ್ಷ. ಒಂದು ದಿನವೂ ತಪ್ಪಿಸಿಲ್ಲ," ಎಂದೆ. ನಿರಪರಾಧಿಗೆ ಇರುವ ಧೈರ್ಯವೇ ಬೇರೆ.

ಮೊದಲು ನಕ್ಕವರು ಡೋಲಿನವರು. ಆಮೇಲೆ ಇಡೀ ಗೋಷ್ಠಿ. ಮಾಸ್ತರು ನಗು ತಡೆಯಲು ಹೋಗಿ ಕೆಮ್ಮಿದರು. ಅವಳು ಮಾತ್ರ ನಗಲಿಲ್ಲ ಎಂದು ಸಮಾಧಾನವಾಯಿತು. ಆಮೇಲೆ ನೋಡಿದರೆ ಗೋಡೆಯ ಕಡೆ ತಿರುಗಿ ನಿಂತಿದ್ದಾಳೆ, ಭುಜ ಕುಲುಕುತ್ತಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನಾನು ಮೂರು ಎಮ್ಮೆಗಳಿಗೆ ಎಳೆದು ಅಂಗಡಿಯವನನ್ನೂ ಬೈದು ಬಂದಿದ್ದೆ.

ಅವಳು ಕಣ್ಣೊರೆಸಿಕೊಂಡು ಬಂದು ಎರಡೂ ಟೊಪ್ಪಿಗೆಗಳನ್ನು ಸಡಿಲಿಸಿ, ಒತ್ತಿ, ಕಡ್ಡಿಯಿಟ್ಟು ಸರಿ ಮಾಡಿದಳು. ಇಕ್ಕಳ ಹಾಕಿದ್ದು ಬಿಡಿಸಲು ಡೋಲಿನವರೂ ಕೈ ಹಚ್ಚಬೇಕಾಯಿತು. ಮಾಸ್ತರು ನನಗೇ ಮೊದಲು ಊದಲು ಹೇಳಿದರು. ಊದಿದೆ. ಮೇಲಿನ ಸ್ವರ ಹೋಗಿ ನಿಂತಿತು, ಅಂಗಡಿಯಿಂದ ತಂದ ಮೊದಲ ದಿನದ ಹಾಗೆ. ಇಷ್ಟು ವರ್ಷ ಅದು ಅಲ್ಲೇ, ಕೈಗೆಟುಕುವಲ್ಲೇ ಇತ್ತು.

"ಸರಿ ಸಾರ್. ಏಕವಾದನ ಮೊದಲಿಂದ ನಿಮ್ಮದೇ. ಕೊಳಲೂ ಸರಿಹೋಯ್ತು. ನಿಮ್ಮದೇ ಇರಲಿ," ಎಂದರು ಮಾಸ್ತರು.

ಅವಳು ಹೌದೆಂದು ತಲೆಯಾಡಿಸಿ, ಹಳೆಯ ಕೊಳಲಿನ ಭಾಗಗಳನ್ನು ಬಿಚ್ಚಿ ಪೆಟ್ಟಿಗೆಯಲ್ಲಿಡಲು ಶುರು ಮಾಡಿದಳು. ಎಣ್ಣೆ ಬಿಟ್ಟಿದ್ದರಿಂದ ಮುಚ್ಚಳ ಸದ್ದಿಲ್ಲದೆ ಮುಚ್ಚಿತು. ನನಗೆ ತಿಂಗಳ ಹಿಂದೆ ಬೇಕಾಗಿದ್ದುದೆಲ್ಲ ಸಿಕ್ಕಿತ್ತು. ಹಲ್ಲಿನ ಡಾಕ್ಟರ ಮುಖವೂ ಬಾಡಿತ್ತು.

"ಇರಿ ಮಾಸ್ತರೇ," ಎಂದೆ. "ಇವಳದ್ದು ಇನ್ನೊಂದ್ಸಲ ಕೇಳಿ. ಇದರಲ್ಲಿ."

ಬೆಳ್ಳಿಯ ಕೊಳಲನ್ನು ಅವಳ ಕೈಗೆ ಕೊಟ್ಟೆ. ಯಾಕೆ ಕೊಟ್ಟೆನೋ ಗೊತ್ತಿಲ್ಲ, ಕೊಳಲಿನ ಗುಣಮಟ್ಟ ಇನ್ನೊಬ್ಬರ ಬಾಯಲ್ಲೂ ಪರೀಕ್ಷೆಯಾಗಲಿ ಎಂದಿರಬೇಕು. ಅವಳು ಸೀರೆಯ ಸೆರಗಿನಲ್ಲಿ ಕೈ ಒರೆಸಿಕೊಂಡು ಹಿಡಿದಳು. ಮೊದಲ ಉಸಿರಿಗೇ ಬೆದರಿದವಳ ಹಾಗೆ ನಿಲ್ಲಿಸಿದಳು, ಅಷ್ಟು ಸಲೀಸಾಗಿ ಸ್ವರ ಬಂದಿತ್ತು. ಮತ್ತೆ ಶುರು ಮಾಡಿದಳು. ಅದನ್ನು ಹೇಗೆ ಬರೆಯುವುದೋ ತಿಳಿಯದು. ಕೊನೆಯ ಸ್ವರ ಮುಗಿದ ಮೇಲೂ ಮಾಸ್ತರ ಕೋಲು ಮೇಲೆಯೇ ಇತ್ತು. ನನ್ನ ಕೈಯಲ್ಲಿ ಆಗದ ಮಾತು ಇದು ಎಂದು ನನಗೆ ಸ್ಪಷ್ಟವಾಗಿ ತಿಳಿಯಿತು. ವಿಚಿತ್ರವೆಂದರೆ ಹೊಟ್ಟೆ ಉರಿಯಲಿಲ್ಲ.

ಏಕವಾದನ ಅವಳದು. ನಾನಿನ್ನು ಎರಡನೆಯ ಕೊಳಲು, ಬೆಳ್ಳಿಯದು ನನ್ನ ಕೈಯಲ್ಲಿದ್ದರೆ ದಂಡ, ಅದನ್ನೂ ನೀನೇ ಇಟ್ಟುಕೋ ಎಂದೆ.

"ಟೊಪ್ಪಿಗೆ ಮುಟ್ಟಲ್ಲ ಅಂತ ಮಾತು ಕೊಟ್ರೆ ಇಟ್ಕೋತೀನಿ."

ಎಲ್ಲರೆದುರು ಮಾತು ಕೊಟ್ಟೆ.

ಜುಲೈ 16, ಮಂಗಳವಾರ

ಇಬ್ಬರೂ ಜೇನುಬಾಯಿಯ ಅಂಗಡಿಗೆ ಹೋದೆವು. ನಾನು ವಾಪಸು ಕೊಟ್ಟ ಎರಡೂ ಕೊಳಲು ಗಾಜಿನ ಕಪಾಟಿನಲ್ಲೇ ಇದ್ದವು. "ಯಾರು ಊದಿದ್ರೂ ಬೇಡ ಅಂತಾರೆ ಸಾರ್. ನಿಮ್ಮ ಕಣ್ಣು ಬಿತ್ತೋ ಏನೋ" ಎಂದ. ಅವಳು ಕಡ್ಡಿ ತೆಗೆದು ಎರಡನ್ನೂ ಸರಿ ಮಾಡಿಕೊಟ್ಟಳು. ನಾನು ಹೊರಗೆ ನಿಂತು ರಸ್ತೆಯ ಮೂಲೆಯ ನಲ್ಲಿಯನ್ನು ನೋಡುತ್ತಿದ್ದೆ. ಸ್ವಲ್ಪ ತೊಟ್ಟಿಕ್ಕುತ್ತಿತ್ತು. ಕೈ ಹಾಕಲಿಲ್ಲ, ದೂರು ಬರೆದುಕೊಂಡೆ.

ಕಿರಿಯ ಇಂಜಿನಿಯರಮ್ಮನ ವರದಿಯನ್ನು ಮೊದಲಿದ್ದ ಹಾಗೆ ಮತ್ತೆ ಮೇಲೆ ಕಳಿಸಿದೆ. ಕಾರಣ ಕೇಳಿದರೆ ಹೇಳುವುದಿಲ್ಲ.

ಜುಲೈ 28, ಭಾನುವಾರ

ನಿನ್ನೆ ಕಾರ್ಯಕ್ರಮ ಚೆನ್ನಾಗಿ ಆಯಿತು. ನಮ್ಮ ಮೊದಲನೇ ಕೊಳಲಿನವರು ನುಡಿಸುವಾಗ ನನ್ನ ಪಾಲಿಗೆ ದೀರ್ಘ ವಿರಾಮ. ಕೈಯಲ್ಲಿ ಹಳೆಯ ಕೊಳಲು ಹಿಡಿದು ಸುಮ್ಮನೆ ಕೂರುವುದು. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆಂದು ಪಕ್ಕದಲ್ಲೇ ಕೂತು ನೋಡಿದೆ. ಇನ್ನೂ ಸಿಕ್ಕಿಲ್ಲ.

ಆಮೇಲೆ ಚಪ್ಪಾಳೆ ಜೋರಾಗಿತ್ತು. ಹಲ್ಲಿನ ಡಾಕ್ಟರು ನನ್ನ ಹತ್ತಿರ ಬಂದು, "ನೀವು ಏನೂ ನುಡಿಸದೆ ಇರೋ ಭಾಗ ಬಹಳ ಚೆನ್ನಾಗಿ ಬಂತು ಸಾರ್" ಎಂದ. ಥ್ಯಾಂಕ್ಸ್ ಎಂದೆ.

ಜುಲೈ 30, ಮಂಗಳವಾರ

ಬೆಳಿಗ್ಗೆ ಅಡುಗೆಮನೆಯಿಂದ ಕರೆ ಬಂತು. ಸಕ್ಕರೆ ಡಬ್ಬಿಯ ತುಂಬ ಇರುವೆ, ಕಪ್ಪಗೆ, ಸಾಲು ಸಾಲಾಗಿ. ನಮ್ಮ ಮನೆಯಲ್ಲಿ ಇದೇ ಮೊದಲು.

"ಯಾರು ಸಡಿಲ ಮುಚ್ಚಿದ್ದು?"

"ನಾನೇ," ಎಂದೆ.

ಅವಳು ಡಬ್ಬಿಯ ಮುಚ್ಚಳವನ್ನು ಎರಡು ಬೆರಳಲ್ಲಿ ತಿರುಗಿಸಿದಳು, ತೆರೆಯಿತು. ಮುಚ್ಚಿ, ಮತ್ತೊಮ್ಮೆ ತೆರೆದು ನೋಡಿದಳು. ಆಮೇಲೆ ತಟ್ಟೆಯ ಮೇಲೆ ಸಕ್ಕರೆ ಹರಡಿ, ತುಟಿ ಮುಂದೆ ಮಾಡಿ, ಮೇಲಿನ ಸ್ವರಕ್ಕೆ ಊದುವಷ್ಟೇ ಮೆತ್ತಗೆ ಊದಿ ಇರುವೆಗಳನ್ನೆಲ್ಲ ಓಡಿಸಿ ಚಹಾ ಮಾಡಿದಳು. ಬೈಯುತ್ತಾಳೆಂದು ಕಾದೆ, ಬೈಯಲಿಲ್ಲ. ಚಹಾದಲ್ಲಿ ಒಂದು ಇರುವೆ ತೇಲುತ್ತಿತ್ತು. ಬೆರಳಲ್ಲಿ ತೆಗೆದು ಕುಡಿದೆ.